ಕೊಸರು ಹಾಕದ ಅಮ್ಮ

ನನ್ನ ಕೆಲಸ ಏನೆಂದು ನಮ್ಮ ಮನೆಯವರಿಗೆ ತಿಳಿಸಿ ಹೇಳಲು ಹೋಗಿ ಎಷ್ಟೋ ಸಲ ಸೋತಿದ್ದೇನೆ. ಪ್ರಾಡಕ್ಟ್ ಮ್ಯಾನೇಜರ್ ಅಂದರೆ ಕೋಡ್ ಬರೆಯುವವಳಲ್ಲ, ಚಿತ್ರ ಬಿಡಿಸುವವಳಲ್ಲ, ಮಾರುವವಳೂ ಅಲ್ಲ. ಈ ಮೂರು ಕೆಲಸ ಮಾಡುವವರನ್ನು ಒಂದು ಕೋಣೆಯಲ್ಲಿ ಕೂರಿಸಿ, ದಿನಾ ಬೆಳಗ್ಗೆ ಹತ್ತೂವರೆಗೆ ಸರಿಯಾಗಿ ಜಗಳವಾಡಿಸಿ, ಕೊನೆಗೆ ಯಾರು ಗೆದ್ದರೆಂದು ಬರೆದಿಡುವವಳು. ಇದನ್ನೆಲ್ಲ ಕೇಳಿಸಿಕೊಂಡ ನಮ್ಮ ಸೋದರತ್ತೆ, ಬೀನ್ಸ್ ತೂಗುತ್ತಿದ್ದವಳು, ತಲೆ ಎತ್ತದೆ "ಮೇಸ್ತ್ರಿ ಅನ್ನು" ಅಂದಿದ್ದಳು. ಆ ಹುದ್ದೆಯನ್ನು ಅದಕ್ಕಿಂತ ಚೆನ್ನಾಗಿ ಇವತ್ತಿನವರೆಗೆ ಯಾರೂ ವಿವರಿಸಿಲ್ಲ.

ಅತ್ತೆಯ ತರಕಾರಿ ಗಾಡಿ ನಿಲ್ಲುವುದು ಮಲ್ಲೇಶ್ವರದ ಒಂದು ಅಡ್ಡರಸ್ತೆಯ ಮೂಲೆಯಲ್ಲಿ, ಹೊಂಗೆ ಮರದ ಕೆಳಗೆ. ನಾನು ಹುಟ್ಟುವ ಮೊದಲಿನಿಂದಲೂ ಅಲ್ಲೇ ನಿಂತಿದೆ. ನಡುವೆ ಗಾಡಿ ಎರಡು ಸಲ ಬದಲಾಗಿದೆ, ಅತ್ತೆ ಬದಲಾಗಿಲ್ಲ. ಅಪ್ಪನ ಕಡೆಯವರೆಲ್ಲ ತರಕಾರಿಯವರೇ. ಬೇಸಿಗೆ ರಜೆ ಬಂತೆಂದರೆ ನನ್ನನ್ನು ಅತ್ತೆಯ ಪಕ್ಕ ಗೋಣಿಚೀಲದ ಮೇಲೆ ಕೂರಿಸಿ ಹೋಗುತ್ತಿದ್ದರು. ಅಲ್ಲಿ ನನಗೆ ಎರಡು ಕೆಲಸ. ಮೊದಲನೆಯದು ಕೂಗುವುದು. ನನ್ನ ದನಿಯೋ, ನಾನು "ಸೊಪ್ಪು" ಅಂದರೆ ಎದುರಿಗಿದ್ದ ಸೊಪ್ಪಿಗೂ ಕೇಳಿಸುತ್ತಿರಲಿಲ್ಲ. "ಜೋರಾಗಿ ಹೇಳೆ, ಹಿಂದಿನ ರಸ್ತೆಯೋರಿಗೆ ಕೇಳಿಸ್ಲಿಲ್ಲ" ಎಂದು ಅತ್ತೆ ದಿನಕ್ಕೆ ಹತ್ತು ಸಲ ತಿವಿಯುತ್ತಿದ್ದಳು. ಎರಡನೆಯ ಕೆಲಸ ನನ್ನ ಪ್ರೀತಿಯದು, ಕೊಸರು ಹಾಕುವುದು. ತೂಕ ಮುಗಿದು ತರಕಾರಿ ಗಿರಾಕಿಯ ಚೀಲಕ್ಕೆ ಬಿದ್ದ ಮೇಲೆ, ಮೇಲಿಂದ ಒಂದು ಹಿಡಿ ಕರಿಬೇವನ್ನೋ ನಾಲ್ಕು ಹಸಿಮೆಣಸಿನಕಾಯಿಯನ್ನೋ ಸುಮ್ಮನೆ ಹಾಕಬೇಕು. ಯಾರಿಗೆ ಎಷ್ಟು ಎಂಬುದು ನನ್ನ ಕೈಗೆ ಬಿಟ್ಟದ್ದು. ಮಾತಾಡಿಸಿದವರಿಗೆ ಜಾಸ್ತಿ, ಕೆನ್ನೆ ಹಿಂಡಿದವರಿಗೆ ಕಡಿಮೆ.

ಇದನ್ನೆಲ್ಲ ಈಗ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ. ಆಫೀಸಿನಲ್ಲಿ ಮೂರು ವರ್ಷ ಒಬ್ಬರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಯಾರಾದರೂ ಮನೆತನ ಕೇಳಿದರೆ "ನಮ್ಮವರು ಕೃಷಿ ಉತ್ಪನ್ನಗಳ ವ್ಯವಹಾರದಲ್ಲಿದ್ದಾರೆ" ಅನ್ನುತ್ತಿದ್ದೆ. ಕೇಳಿದವರ ಕಣ್ಣ ಮುಂದೆ ಗೋದಾಮು, ಲಾರಿ, ರಫ್ತು ಎಲ್ಲ ಬಂದು ನಿಲ್ಲಲಿ ಎಂದೇ ಹಾಗೆ ಹೇಳುತ್ತಿದ್ದದ್ದು. ನಾಚಿಕೆ, ಮತ್ತೇನಲ್ಲ. ಕಾಲೇಜಿನ ಮೊದಲ ವರ್ಷದಲ್ಲಿ ಅಂಟಿಕೊಂಡಿತು. ಒಂದು ದಿನ ಗೆಳತಿಯರ ಜೊತೆ ಆ ಅಡ್ಡರಸ್ತೆಯಲ್ಲಿ ಹೋಗುತ್ತಿದ್ದಾಗ ಅತ್ತೆ ಗಾಡಿಯಿಂದ ಕೂಗಿ ಕರೆದಳು. ನಾನು ಕೇಳಿಸದವಳ ಹಾಗೆ ನಡೆದುಬಿಟ್ಟೆ. ಹಿಂದಿನ ರಸ್ತೆಗೂ ಮುಟ್ಟುವ ಗಂಟಲು ಅವಳದು. ಆದರೂ ನನಗೆ ಕೇಳಿಸಲಿಲ್ಲವೆಂದು ಅವಳು ನಂಬಿದ್ದಾಳೆ ಎಂದು ನಾನು ನಂಬಿಕೊಂಡಿದ್ದೆ. ಆಮೇಲೂ ಹಬ್ಬ ಹರಿದಿನಕ್ಕೆ ಹೋಗುತ್ತಿದ್ದೆ, ಅವಳು ಕಟ್ಟಿಕೊಟ್ಟ ತರಕಾರಿ ತರುತ್ತಿದ್ದೆ. ಆ ಮಾತು ಮಾತ್ರ ಇಬ್ಬರ ನಡುವೆ ಎಂದೂ ಬರಲಿಲ್ಲ.

ಆಫೀಸು ಇರುವುದು ಬಸವನಗುಡಿಯಲ್ಲಿ, ಹಳೆಯ ಬಂಗಲೆಯೊಂದರ ಮಹಡಿಯ ಮೇಲೆ. ನನ್ನ ಹಣೆಬರಹ ನೋಡಿ, ಅಲ್ಲಿ ನಾವು ಮಾಡುತ್ತಿದ್ದದ್ದು ತರಕಾರಿ ಗಾಡಿಯವರಿಗಾಗಿ ಒಂದು ಆ್ಯಪ್. ಗಿರಾಕಿ ತನ್ನ ಬೀದಿಯ ಗಾಡಿಗೆ ಫೋನಿನಲ್ಲೇ ಆರ್ಡರ್ ಕಳಿಸುತ್ತಾನೆ. ಗಾಡಿಯವರು ಚೀಲ ತುಂಬಿಸಿ, ಬಾಯಿ ತೆರೆದಿಟ್ಟು ಒಂದು ಫೋಟೊ ತೆಗೆಯುತ್ತಾರೆ. ಆರ್ಡರಿನಲ್ಲಿದ್ದದ್ದೇ ಚೀಲದಲ್ಲಿದೆಯೇ ಎಂದು ಆ್ಯಪ್ ತಾಳೆ ನೋಡುತ್ತದೆ. ಮುಖ್ಯಸ್ಥ ನನಗಿಂತ ಎಂಟು ವರ್ಷ ಚಿಕ್ಕವನು, ಬಹಳ ಒಳ್ಳೆಯ ಹುಡುಗ, ಜೀವಮಾನದಲ್ಲಿ ಬದನೆಕಾಯಿ ಆರಿಸಿ ಕೊಂಡವನಲ್ಲ. ಡಿಸೈನ್ ಮಾಡುತ್ತಿದ್ದವಳು ಮತ್ತಿಕೆರೆಯ ಪಿ.ಜಿ.ಯಲ್ಲಿದ್ದ ಹುಡುಗಿ, ಪಿ.ಜಿ.ಯ ಊಟದಲ್ಲಿ ಕಂಡದ್ದೇ ಅವಳ ತರಕಾರಿ ಜ್ಞಾನ. ಅಷ್ಟೂ ಜನರಲ್ಲಿ ಗಾಡಿಯ ಪಕ್ಕ ಕೂತು ಬೆಳೆದವಳು ನಾನೊಬ್ಬಳೇ. ಮತ್ತು ಅದನ್ನು ಮುಚ್ಚಿಟ್ಟವಳೂ ನಾನೇ.

ಆ ಹೊತ್ತಿಗೆ ನಮ್ಮಲ್ಲಿ ಎಲ್ಲರ ಕೈಗೂ ಎಐ ಚಾಟ್ ಸಹಾಯಕ ಬಂದಿತ್ತು. ನಾನು ಅದನ್ನು ಗುಮಾಸ್ತ ಎಂದು ಕರೆಯುತ್ತಿದ್ದೆ. ಒಂದು ಗಂಟೆಯ ಮೀಟಿಂಗನ್ನು ಹತ್ತು ಸಾಲಿಗೆ ಇಳಿಸುತ್ತಿತ್ತು. "ಆಗಲ್ಲ" ಎಂಬ ಒಂದೇ ಮಾತನ್ನು ನಾಲ್ಕು ಪ್ಯಾರಾ ವಿನಯದಲ್ಲಿ ಅದ್ದಿ ಕೊಡುತ್ತಿತ್ತು. ಎಷ್ಟು ಸಲ ಕೇಳಿದರೂ ಮುಖ ಸಿಂಡರಿಸುತ್ತಿರಲಿಲ್ಲ, ಚಹಾಕ್ಕೆ ಹೋಗಿ ಮಾಯವಾಗುತ್ತಿರಲಿಲ್ಲ. ಹೀಗೆ ಸಣ್ಣಪುಟ್ಟದ್ದಕ್ಕೆಲ್ಲ ಅದನ್ನೇ ಕೇಳುತ್ತ ಕೇಳುತ್ತ, ಕೇಳಬಾರದ್ದನ್ನೂ ಕೇಳುವ ಅಭ್ಯಾಸವಾಯಿತು.

ಒಂದು ಶುಕ್ರವಾರ ಮುಖ್ಯಸ್ಥ, "ಅಕ್ಕ, ಸೋಮವಾರ ಒಂದು ತರಕಾರಿ ಮಾರೋರ ಇಂಟರ್‌ವ್ಯೂ ಬೇಕು. ಅವರ ದಿನ ಹೇಗಿರುತ್ತೆ, ಕಷ್ಟ ಏನು, ಎಲ್ಲಾ ಅವರ ಮಾತಲ್ಲೇ ಬರ್ಬೇಕು" ಅಂದ. ಆಫೀಸಿನಲ್ಲಿ ನನ್ನನ್ನು ಎಲ್ಲರೂ ಅಕ್ಕ ಅನ್ನುತ್ತಾರೆ, ವಯಸ್ಸಿನ ಗೌರವ. ಅತ್ತೆಯ ಗಾಡಿಗೆ ಅಲ್ಲಿಂದ ಮೆಟ್ರೊದಲ್ಲಿ ಹತ್ತೇ ನಿಮಿಷ. ಹೋಗಬಹುದಿತ್ತು. ಆದರೆ ಹೋದರೆ ಇವರು ಯಾರು, ನಿಮಗೆ ಹೇಗೆ ಪರಿಚಯ ಎಂಬ ಪ್ರಶ್ನೆ ಬರುತ್ತದೆ. ಬೇರೆ ಗಾಡಿಯವರ ಹತ್ತಿರ ಹೋಗೋಣವೆಂದರೆ ಅವರಲ್ಲಿ ಅರ್ಧ ಜನಕ್ಕೆ ನಾನು ಯಾರ ಮನೆಯ ಹುಡುಗಿ ಎಂದು ಗೊತ್ತು. ಶನಿವಾರ ನೆಪದಲ್ಲಿ ಕಳೆಯಿತು. ಭಾನುವಾರ ಮಧ್ಯಾಹ್ನ ಹುಳಿಯನ್ನ ಉಂಡು, ಕಣ್ಣು ಎಳೆಯುತ್ತಿದ್ದಾಗ, ಲ್ಯಾಪ್‌ಟಾಪ್ ತೆಗೆದು ಗುಮಾಸ್ತನಿಗೆ ಹೇಳಿದೆ: ನೀನು ಮಲ್ಲೇಶ್ವರದಲ್ಲಿ ತರಕಾರಿ ಮಾರುವ ಅರವತ್ತರ ಹೆಂಗಸು, ನಾನು ಪ್ರಶ್ನೆ ಕೇಳುತ್ತೇನೆ, ಉತ್ತರ ಕೊಡು.

ಮೊದಲ ಉತ್ತರ ಬಂತು. "ನಾನು ಪ್ರತಿದಿನ ಪ್ರಾತಃಕಾಲದಲ್ಲಿ ಎದ್ದು ತಾಜಾ ತರಕಾರಿಗಳನ್ನು ಸಂಗ್ರಹಿಸಿ ನನ್ನ ಮೌಲ್ಯಯುತ ಗ್ರಾಹಕರಿಗೆ ತಲುಪಿಸುತ್ತೇನೆ." ಹೀಗೆ ಮಾತಾಡುವ ಹೆಂಗಸು ಗಾಡಿಯ ಮೇಲೆ ನಿಂತರೆ ಜನ ಓಟು ಹಾಕಿಯಾರೇ ಹೊರತು ಟೊಮೇಟೊ ಕೊಳ್ಳಲಾರರು. ಬೆಂಗಳೂರಿನ ಆಡುಮಾತು ಬೇಕು ಅಂದೆ. ತಕ್ಷಣ "ಏನ್ ಗುರು, ಸೊಪ್ಪು ಬೇಕಾ ಮಚ್ಚಾ?" ಎಂದು ಬಂತು. ಅರವತ್ತರ ಹೆಂಗಸು! ಹೀಗಲ್ಲಪ್ಪ ಎಂದು ತಿದ್ದಿದೆ. ತಿದ್ದುವಾಗ ಅತ್ತೆಯ ಒಂದೊಂದೇ ಮಾತು ಕೊಡುತ್ತ ಹೋದೆ. "ಮುಟ್ಟಿ ಮುಟ್ಟಿ ಬಾಡಿಸ್ಬೇಡಿ." "ಸಂಜೆ ಬಂದ್ರೆ ಸಂಜೆ ಸೊಪ್ಪೇ ಸಿಗೋದು." ಗುಮಾಸ್ತ ಜಾಣ. ಐದನೆಯ ಸಲಕ್ಕೆ ಆ ಹೆಂಗಸು ಮಾತಾಡಲು ಕಲಿತಳು, ಸೆರಗು ಸಿಕ್ಕಿಸಿ ನಿಂತ ಹಾಗೆ ಕಣ್ಣಿಗೂ ಕಟ್ಟಿದಳು. ಸಂಜೆಯೊಳಗೆ ಆರು ಪುಟ ತುಂಬಿತು.

ಒಂದು ಮಾತು ಗುಮಾಸ್ತನ ಪರವಾಗಿ ಹೇಳಲೇಬೇಕು. ಪ್ರತಿ ಉತ್ತರದ ಕೆಳಗೆ ಅದು ಒಂದು ಸಾಲು ಬರೆಯುತ್ತಿತ್ತು: ಇದು ನನ್ನ ಕಲ್ಪನೆ, ತೀರ್ಮಾನಕ್ಕೆ ಮೊದಲು ನಿಜವಾದ ಮಾರಾಟಗಾರರನ್ನು ಮಾತಾಡಿಸಿ. ಕೊತ್ತಂಬರಿ ಕಟ್ಟಿನ ಬೇರು ಕತ್ತರಿಸುವ ಹಾಗೆ ಆ ಸಾಲನ್ನು ನಾನು ಪ್ರತಿ ಸಲವೂ ಕತ್ತರಿಸಿ ಎಸೆದೆ.

ಸೋಮವಾರ ಮೀಟಿಂಗಿನಲ್ಲಿ ಆರೂ ಪುಟ ಓದಿದೆ. "ಮಳೆ ಬಂದ್ರೆ ನಾನು ನೆನೆದ್ರೂ ಪರವಾಗಿಲ್ಲ, ಸೊಪ್ಪು ನೆನೀಬಾರ್ದು" ಎಂಬಲ್ಲಿ ಮುಖ್ಯಸ್ಥ ಕನ್ನಡಕ ತೆಗೆದು ಒರೆಸಿಕೊಂಡ. ಡಿಸೈನ್ ಹುಡುಗಿ ಅವತ್ತೇ ಚಿತ್ರ ಬಿಡಿಸಿದಳು: ಅಗಲ ಕುಂಕುಮ, ಮುಡಿ ತುಂಬ ಮಲ್ಲಿಗೆ, ಮೂಗುತಿ, ನಗು. ಅದು ಗೋಡೆಗೇರಿತು. ಎಲ್ಲರೂ ಅವಳನ್ನು ಅಮ್ಮ ಅನ್ನತೊಡಗಿದರು. ಇದು ಇಂಟರ್‌ವ್ಯೂ ಅಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮುಖ್ಯಸ್ಥ "ಅಕ್ಕ, ಎಷ್ಟು ಚೆನ್ನಾಗಿ ಮಾತಾಡ್ಸಿದೀರ!" ಅಂದ. ತೆರೆದ ಬಾಯಿಂದ "ಅಯ್ಯೋ, ಅದೇನು ಬಿಡಿ" ಎಂದು ಬಂತು.

ಅಲ್ಲಿಂದ ಮುಂದೆ ನನ್ನ ದರ್ಬಾರು. ಮೀಟಿಂಗಿನಲ್ಲಿ ಯಾವ ಜಗಳ ಹತ್ತಿದರೂ "ಇದಕ್ಕೆ ಅಮ್ಮ ಏನಂತಾರೆ ಕೇಳಿ ಅಕ್ಕ" ಅನ್ನುತ್ತಿದ್ದರು. ನಾನು ಫೋನ್ ಹಿಡಿದು ಹೊರಗಿನ ಬಾಲ್ಕನಿಗೆ ಹೋಗಿ, ಗುಮಾಸ್ತನನ್ನು ಕೇಳಿ, ಒಳಗೆ ಬಂದು ತೀರ್ಪು ಕೊಡುತ್ತಿದ್ದೆ. "ಅಮ್ಮ ಬೇಡ ಅಂದ್ರು." ಮುಗಿಯಿತು, ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಬಟನ್ ಯಾವ ಬಣ್ಣ ಎಂಬ ವಿಷಯಕ್ಕೆ ಒಂದು ವಾರ ಹೊಡೆದಾಟ ನಡೆದಿತ್ತು. ಡಿಸೈನ್ ಹುಡುಗಿಗೆ ಕೇಸರಿ, ನನಗೆ ಹಸಿರು. ಅಮ್ಮನನ್ನು ಕೇಳಿದರೆ ಅವಳು ಕೇಸರಿ ಅಂದುಬಿಟ್ಟಳು! ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದೆ: ಸೊಪ್ಪಿನ ಬಣ್ಣ ನಿಮಗೆ ಮನಸ್ಸಿಗೆ ಹತ್ತಿರ ಅಲ್ಲವೇ? "ಹೌದು, ಹಸಿರೇ ಇರಲಿ" ಅಂದಳು. ನಾನು ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ನನ್ನ ಮಾತನ್ನು ಇಷ್ಟು ಬೇಗ ಒಪ್ಪಿಕೊಂಡವರು ಮತ್ತೊಬ್ಬರಿಲ್ಲ.

ಆ್ಯಪ್ ಸಿದ್ಧವಾಗಿ, ಅದನ್ನು ಹಾಕಿದ ಫೋನುಗಳನ್ನು ಬಸವನಗುಡಿಯ ಹತ್ತು ಗಾಡಿಗಳಿಗೆ ಪರೀಕ್ಷೆಗೆಂದು ಕೊಟ್ಟೆವು. ಎರಡನೆಯ ದಿನಕ್ಕೇ ನನ್ನ ಪರದೆಯೆಲ್ಲ ಕೆಂಪು. ಆರ್ಡರಿಗೂ ಚೀಲಕ್ಕೂ ತಾಳೆಯಿಲ್ಲ, ತಾಳೆಯಿಲ್ಲ, ತಾಳೆಯಿಲ್ಲ. ಒಂದು ಗಾಡಿಯದಲ್ಲ, ಹತ್ತೂ ಗಾಡಿಯದು. ಬಾಲ್ಕನಿಗೆ ಹೋಗಿ ಅಮ್ಮನನ್ನು ಕೇಳಿದೆ. "ಅವಸರದಲ್ಲಿ ಕೈ ತಪ್ಪುತ್ತೆ ಕಣಮ್ಮ, ಫೋನು ಸ್ವಲ್ಪ ಎಚ್ಚರಿಸಿದ್ರೆ ಚೆನ್ನಾಗಿರುತ್ತೆ" ಅಂದಳು. ಒಳಗೆ ಬಂದು ಅದನ್ನೇ ಹೇಳಿದೆ. ಮರುದಿನದಿಂದ ಚೀಲ ಕಟ್ಟಿದಾಗಲೆಲ್ಲ ಫೋನು ಟುಯ್ ಎಂದು ಕಿರುಚಿ, ಕೆಂಪಕ್ಷರದಲ್ಲಿ "ಆರ್ಡರಿನಲ್ಲಿ ಇಲ್ಲದ ವಸ್ತುವನ್ನು ಚೀಲಕ್ಕೆ ಸೇರಿಸಬೇಡಿ" ಎಂದು ತೋರಿಸತೊಡಗಿತು. ವಾರದೊಳಗೆ ಹತ್ತರಲ್ಲಿ ಏಳು ಗಾಡಿಯವರು ಬಂದು, "ನಿಮ್ಮ ಫೋನು ಸುಮ್ ಸುಮ್ನೆ ಬೈತದೆ, ನೀವೇ ಇಟ್ಕೊಳಿ" ಎಂದು ವಾಪಸ್ ಕೊಟ್ಟು ಹೋದರು.

ಮುಖ್ಯಸ್ಥ ಕಂಗಾಲಾದ. ಎರಡು ದಿನ ಯೋಚಿಸಿ, ಮುಖವರಳಿಸಿಕೊಂಡು ಬಂದ. "ಅಕ್ಕ, ಗಾಡಿಯವರನ್ನೆಲ್ಲ ಒಂದಿನ ಇಲ್ಲಿಗೇ ಕರೆಯೋಣ. ದೀಪ ಹಚ್ಚಿ ಹೊಸದಾಗಿ ಶುರು ಮಾಡೋಣ. ಅಮ್ಮನ ಕೈಲೇ ದೀಪ ಹಚ್ಚಿಸೋಣ, ಶಾಲು ಹೊದಿಸೋಣ. ನಾವು ಹೇಳಿದ್ರೆ ಕೇಳಲ್ಲ, ಅಮ್ಮ ಹೇಳಿದ್ರೆ ಕೇಳ್ತಾರೆ. ಕರ್ಕೊಂಡ್ ಬರ್ತೀರ ಅಲ್ವಾ?"

"ಬರ್ತಾರೆ, ಬರ್ತಾರೆ" ಅಂದೆ. ನನ್ನ ನಾಲಗೆಗೆ ಮೂಳೆಯಿಲ್ಲ.

ಅಮ್ಮನನ್ನು ಎಲ್ಲಿಂದ ತರುವುದು? ಶಾಲು ಹೊದಿಸಲು ಭುಜ ಬೇಕು, ದೀಪ ಹಚ್ಚಲು ಕೈ ಬೇಕು. ರಾತ್ರಿ ನಿದ್ದೆ ಹತ್ತಲಿಲ್ಲ ಎಂದೆಲ್ಲ ಬರೆದರೆ ಸುಳ್ಳಾದೀತು. ಚೆನ್ನಾಗಿಯೇ ಮಲಗಿದೆ, ಯಾಕೆಂದರೆ ಉಪಾಯ ಹೊಳೆದಿತ್ತು. ಅತ್ತೆ ಬಂದು ಒಂದು ಗಂಟೆ ಅಮ್ಮನಾಗಿದ್ದು ಹೋದರೆ ಸಾಕು. ನನ್ನನ್ನು ಬರೀ ಗುರುತಿನವಳ ಹಾಗೆ "ಮೇಡಂ" ಅಂದುಬಿಟ್ಟರೆ ಇನ್ನೂ ಒಳ್ಳೆಯದು. ಇದನ್ನು ಬರೆಯುವಾಗ ಈಗ ಕಿವಿ ಬಿಸಿಯಾಗುತ್ತದೆ, ಅವತ್ತು ಆಗಲಿಲ್ಲ.

ಬೆಳಗ್ಗೆ ಒಂಬತ್ತಕ್ಕೆ ಆ ಆರು ಪುಟ ಹಿಡಿದುಕೊಂಡು ಹೊಂಗೆ ಮರದ ಕೆಳಗೆ ನಿಂತೆ. ಅತ್ತೆ ನನ್ನನ್ನು ನೋಡಿ, "ಏನೇ, ಹಬ್ಬ ಇಲ್ಲ ಹುಣ್ಣಿಮೆ ಇಲ್ಲ?" ಅಂದಳು. ವಿಷಯ ಹೇಳಿದೆ. ಹೇಗೆ ಹೇಳಿದೆನೋ, ಆ್ಯಪು, ಗುಮಾಸ್ತ, ಶಾಲು ಎಲ್ಲ ಕಲಸುಮೇಲೋಗರವಾಯಿತು. ಅತ್ತೆ ಕೊತ್ತಂಬರಿ ರಾಶಿಯನ್ನು ನನ್ನ ಮುಂದೆ ತಳ್ಳಿ, "ಕಟ್ತಾ ಕಟ್ತಾ ಓದು, ಕೇಳಿಸ್ಕೊತೀನಿ" ಅಂದಳು. ಬಾಳೆನಾರು ಸುತ್ತುತ್ತ ಓದಿದೆ.

ಅತ್ತೆ ಸುಮ್ಮನೆ ಕೇಳುವವಳಲ್ಲ. ಮೊದಲ ಪುಟಕ್ಕೇ ತಗಾದೆ. "ಟೊಮೇಟೊ ಕೆಳಗೆ, ಕುಂಬಳಕಾಯಿ ಮೇಲೆ ಜೋಡಿಸ್ತಾಳಾ? ಸಂಜೆಗೆ ಗಾಡೀಲಿ ಗೊಜ್ಜೇ ಆಗಿರತ್ತೆ." ಎರಡನೆಯ ಪುಟಕ್ಕೆ, "ಇವಳು ಯಾರಿಗೂ ಬಯ್ಯೋದೇ ಇಲ್ವಾ? ಬೆಳಗ್ಗಿಂದ ಎಲ್ಲರನ್ನೂ ಹೊಗಳ್ತಾನೇ ಇದಾಳೆ. ಮೈ ಹುಷಾರಿಲ್ವೋ ಏನೋ." ನಾನು ಕಷ್ಟಪಟ್ಟು ಕಲಿಸಿದ "ಮುಟ್ಟಿ ಮುಟ್ಟಿ ಬಾಡಿಸ್ಬೇಡಿ" ಬಂದಾಗ ಮಾತ್ರ ಕೈ ನಿಲ್ಲಿಸಿ, "ಇದು ನನ್ನ ಮಾತು" ಅಂದಳು. ನಾನು ಮುಂದಿನ ಪುಟಕ್ಕೆ ಹಾರಿದೆ.

ಅಷ್ಟರಲ್ಲಿ ಒಬ್ಬ ಹಿರಿಯರು ಬಂದು ಅರ್ಧ ಕೇಜಿ ಬೀನ್ಸ್, ಎರಡು ಮೂಲಂಗಿ ತೆಗೆದುಕೊಂಡರು. ಅತ್ತೆ ತೂಗಿ ಚೀಲಕ್ಕೆ ಸುರಿದು, ಚೀಲವನ್ನು ನನ್ನ ಕಡೆಗೆ ಹಿಡಿದಳು. ನನ್ನ ಕೈ ತಾನಾಗಿಯೇ ಕರಿಬೇವಿನ ಬುಟ್ಟಿಗೆ ಹೋಗಿ, ಒಂದು ಹಿಡಿ ತೆಗೆದು, ಬೀನ್ಸಿನ ಮೇಲೆ ಹಾಕಿತು. ಹಿರಿಯರು ಚೀಲದೊಳಗೆ ಬಗ್ಗಿ ನೋಡಿ, ತೃಪ್ತಿಯಾಗಿ ಹೋದರು.

ಮತ್ತೆ ಓದಲು ಕಾಗದ ಎತ್ತಿಕೊಂಡೆ. ಕಣ್ಣು ಸಾಲಿನ ಮೇಲೆ ನಿಲ್ಲಲಿಲ್ಲ. ಫೋನ್ ತೆಗೆದು, ಪರೀಕ್ಷೆಯ ಫೋಟೊಗಳನ್ನು ಮೊದಲ ಸಲ ಒಂದೊಂದಾಗಿ ಬಿಡಿಸಿ ನೋಡಿದೆ. ಅಲ್ಲಿಯವರೆಗೆ ನಾನು ನೋಡಿದ್ದು ಕೆಂಪು ಗೆರೆಗಳನ್ನು ಮಾತ್ರ. ಮೊದಲ ಚೀಲದ ಮೇಲೆ ಕರಿಬೇವು. ಎರಡನೆಯದರ ಮೇಲೆ ಕರಿಬೇವು, ಒಂದು ನಿಂಬೆಹಣ್ಣು. ಮೂರನೆಯದರಲ್ಲಿ ನಾಲ್ಕು ಹಸಿಮೆಣಸಿನಕಾಯಿ. ಹತ್ತು ಗಾಡಿಯವರೂ ತಪ್ಪದೆ ಕೊಸರು ಹಾಕಿದ್ದರು, ನಮ್ಮ ಫೋನು ತಪ್ಪದೆ ಅವರಿಗೆ ಬೈದಿತ್ತು. ಆ ಕೆಂಪಕ್ಷರದ ಸಾಲನ್ನು ಬರೆಸಿದವಳು ನಾನು. ಕೊಸರು ಹಾಕುವುದೇ ಕೆಲಸವಾಗಿ ಬೆಳೆದವಳು ನಾನು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಕೊತ್ತಂಬರಿಯ ಕಡೆ ತಲೆ ತಗ್ಗಿಸಿದೆ.

"ಅತ್ತೆ, ಈ ಹೆಂಗಸು ಕೊಸರೇ ಹಾಕಲ್ಲ" ಅಂದೆ.

"ಅದು ಆಗ್ಲೇ ನೋಡ್ದೆ" ಅಂದಳು ಅತ್ತೆ. "ಅದಿರ್ಲಿ. ಇಷ್ಟುದ್ದ ಮಾತಾಡಿದಾಳೆ, ಅಣ್ಣ ಇಲ್ಲ, ತಮ್ಮ ಇಲ್ಲ, ಗಾಡಿ ಹತ್ರ ಬಂದು ಒಂದ್ ಗಳಿಗೆ ಕೂರೋ ಅಣ್ಣನ ಮಗಳೂ ಇಲ್ಲ. ಪಾಪ, ಯಾರೂ ಇಲ್ವೇನೆ ಇವಳಿಗೆ?"

"ಇದಾರೆ ಅತ್ತೆ. ಹೇಳ್ಕೊಂಡಿಲ್ಲ ಅಷ್ಟೆ."

"ಅವಳು ಹೇಳ್ಕೊಂಡಿಲ್ವೋ, ಅಣ್ಣನ ಮಗಳು ಹೇಳ್ಕೊಂಡಿಲ್ವೋ?"

ಒಂದು ಕಟ್ಟು ಕಟ್ಟಿದೆ, ಇನ್ನೊಂದು ಕಟ್ಟಿದೆ. ಅತ್ತೆ ಸೊಪ್ಪಿಗೆ ನೀರು ಚಿಮುಕಿಸುತ್ತ, "ನಿನ್ನಾಫೀಸಿಂದ ಇಲ್ಲಿಗೆ ಎಷ್ಟು ಹೊತ್ತಾಗತ್ತೆ?" ಎಂದು ಕೇಳಿದಳು.

"ಹತ್ತು ನಿಮಿಷ."

"ಹೂಂ" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯುವುದು ನನಗೆ ಅಭ್ಯಾಸ, ಈ 'ಹೂಂ' ಅಭ್ಯಾಸವಿರಲಿಲ್ಲ. ಬಹಳ ಕೆಟ್ಟದೆನಿಸಿತು. ಹೊರಡುವಾಗ ಎಂದಿನಂತೆ ಚೀಲ ತುಂಬಿಕೊಟ್ಟಳು. ಮೇಲೆ ಕೊಸರು ಹಾಕಿ, "ಬರ್ತೀನಿ. ಆದ್ರೆ ಅವಳಾಗಿ ಬರಲ್ಲ. ನಾನಾಗಿ ಕರೆಯೋದಾದ್ರೆ ಕರಿ" ಅಂದಳು.

ಮೆಟ್ರೊದಲ್ಲಿ ಕೂತು, ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಲ್ಲ, ಗುಮಾಸ್ತನ ಮೇಲೆ ಹಾರಿದೆ. ಕೊಸರಿನ ವಿಷಯ ನೀನೇಕೆ ಹೇಳಲಿಲ್ಲ? ಗುಮಾಸ್ತ ಕ್ಷಮೆ ಕೇಳಿತು. ಕೊಸರು ಅಂದರೇನು, ಯಾಕೆ ಕೊಡುತ್ತಾರೆ, ಗಿರಾಕಿಗೂ ವ್ಯಾಪಾರಿಗೂ ಅದರಿಂದ ಎಂಥ ನಂಟು ಎಲ್ಲವನ್ನೂ ಲಕ್ಷಣವಾಗಿ ವಿವರಿಸಿತು. ಅದಕ್ಕೆ ಗೊತ್ತಿತ್ತು! ನಾನು ಕೇಳಿರಲಿಲ್ಲ. ಕೇಳಲು ನನಗೆ ನೆನಪಿರಬೇಕಿತ್ತು, ನೆನಪನ್ನು ನಾನೇ ಮೂಟೆ ಕಟ್ಟಿ ಅಟ್ಟಕ್ಕೆ ಎಸೆದಿದ್ದೆ. ಉತ್ತರದ ಕೊನೆಯಲ್ಲಿ ಅದೇ ಹಳೆಯ ಸಾಲು: ನಿಜವಾದ ಮಾರಾಟಗಾರರನ್ನು ಮಾತಾಡಿಸಿ. ಅದು ಕ್ಷಮೆ ಕೇಳಿದಷ್ಟು ಸುಲಭವಾಗಿ ನನಗೆ ಕೇಳಲು ಬಂದಿದ್ದರೆ ಆ ದಿನ ಇನ್ನಷ್ಟು ಸಲೀಸಾಗುತ್ತಿತ್ತು.

ಆಫೀಸಿಗೆ ಹೋದವಳೇ ತರಕಾರಿ ಚೀಲವನ್ನು ಮೀಟಿಂಗಿನ ಮೇಜಿನ ಮೇಲಿಟ್ಟು, ಹೇಳಿಬಿಟ್ಟೆ. ಅಮ್ಮ ಇಲ್ಲ, ಇರಲೇ ಇಲ್ಲ, ಭಾನುವಾರ ಮಧ್ಯಾಹ್ನ ಅವಳನ್ನು ನಾನೂ ಗುಮಾಸ್ತನೂ ಸೇರಿ ಮಾಡಿದ್ದು. ಮುಖ್ಯಸ್ಥ ಗೋಡೆಯ ಚಿತ್ರವನ್ನು ನೋಡಿದ, ನನ್ನನ್ನು ನೋಡಿದ. ಅವನ ಮುಖ ನೋಡಲಾಗಲಿಲ್ಲ. ಮನೆಯ ಹಿರಿಯರು ತೀರಿಕೊಂಡ ಸುದ್ದಿ ಕೇಳಿದವನ ಹಾಗಿದ್ದ. "ಮಳೇಲಿ ಸೊಪ್ಪು ನೆನೀಬಾರ್ದು ಅಂದಿದ್ದು?" ಎಂದು ಮೆಲ್ಲಗೆ ಕೇಳಿದ.

"ಗುಮಾಸ್ತ."

ಡಿಸೈನ್ ಹುಡುಗಿ ಎದ್ದು ನಿಂತಳು. "ಹಸಿರು ಬಟನ್?"

"ಅದು ನಾನು."

"ನಂಗೊತ್ತಿತ್ತು!" ಅಂದಳು. ಅಮ್ಮ ಸುಳ್ಳಾದದ್ದಕ್ಕಿಂತ ಕೇಸರಿ ಬಟನ್ ಸೋತದ್ದು ಅವಳಿಗೆ ಹೆಚ್ಚು ನೋವು ಕೊಟ್ಟಿತ್ತು. ಮುಖ್ಯಸ್ಥ ಆ ದಿನವೆಲ್ಲ ನನ್ನ ಜೊತೆ ಮಾತಾಡಲಿಲ್ಲ. ಸಂಜೆ ಹೊರಡುವಾಗ, "ಇನ್ಮೇಲೆ ನೀವು ಯಾರ ಮಾತು ಬರೆದ್ರೂ ಅವರ ಜೊತೆ ಒಂದು ಫೋಟೊ ಬೇಕು ಅಕ್ಕ" ಅಂದ. ನ್ಯಾಯವಾದ ಮಾತು, ಒಪ್ಪಿಕೊಂಡೆ. ಇಷ್ಟೆಲ್ಲ ಹೇಳಿದೆನಲ್ಲ, ಮಲ್ಲೇಶ್ವರದಲ್ಲಿ ಒಬ್ಬರನ್ನು ಮಾತಾಡಿಸಿ ಬಂದೆ, ಅವರು ಕೊಸರಿನ ವಿಷಯ ಹೇಳಿದರು ಎಂದೂ ಹೇಳಿದೆ. ಆ ಒಬ್ಬರು ಯಾರೆಂದು ಮಾತ್ರ ಹೇಳಲಾಗಲಿಲ್ಲ.

ಕೊಸರಿಗೆ ಆ್ಯಪಿನಲ್ಲಿ ಜಾಗ ಮಾಡುವುದು ಸುಲಭವಿರಲಿಲ್ಲ. ಕೋಡ್ ಬರೆಯುವವನು, ಗಿರಾಕಿ ಕೇಳದ, ಬೆಲೆಯಿಲ್ಲದ, ಇಷ್ಟೇ ಎಂದು ಅಳತೆಯೂ ಇಲ್ಲದ ವಸ್ತುವನ್ನು ಯಾವ ಖಾನೆಗೆ ಹಾಕಲಿ ಎಂದು ಮೂರು ದಿನ ಮುನಿಸಿಕೊಂಡ. ಕೊನೆಗೆ ಡಿಸೈನ್ ಹುಡುಗಿ ದಾರಿ ಹುಡುಕಿದಳು. ಚೀಲದಲ್ಲಿ ಆರ್ಡರಿಗಿಂತ ಹೆಚ್ಚಿನದು ಕಂಡರೆ ಫೋನು ಬೈಯುವುದಿಲ್ಲ. ಗಿರಾಕಿಗೆ "ಕೊಸರು ಬಂದಿದೆ" ಎಂದು ತಿಳಿಸುತ್ತದೆ. ಆ ಅಕ್ಷರ ಕೇಸರಿ ಬಣ್ಣದ್ದು. ನಾನು ಉಸಿರೆತ್ತಲಿಲ್ಲ.

ಉದ್ಘಾಟನೆಯ ಬೆಳಗ್ಗೆ ಅತ್ತೆ ಬಂದಳು. ನಾನೇ ಹಿಂದಿನ ದಿನ ಹೋಗಿ, ನೀನಾಗಿಯೇ ಬಾ ಎಂದು ಕರೆದಿದ್ದೆ. ಆಫೀಸಿನವರಿಗೆ "ಮಲ್ಲೇಶ್ವರದ ಗಾಡಿಯವರೊಬ್ಬರು ಬರ್ತಾರೆ" ಎಂದಷ್ಟೇ ಹೇಳಿದ್ದೆ. ಮದುವೆಗೆ ಉಡುವ ರೇಷ್ಮೆ ಸೀರೆ, ಕೈಯಲ್ಲಿ ಒಂದು ಚೀಲ ಕರಿಬೇವು. ಮೆಟ್ಟಿಲು ಹತ್ತಿ ಬಂದು, ಗೋಡೆಯ ಚಿತ್ರದ ಮುಂದೆ ನಿಂತು, "ಇವಳೇನಾ?" ಅಂದಳು. ಹೌದೆಂದೆ. ಮೇಲಿಂದ ಕೆಳಗೆ ನೋಡಿ, "ಇಷ್ಟು ಮಲ್ಲಿಗೆ ಮುಡಿದು ಗಾಡಿ ತಳ್ಳಕ್ಕಾಗಲ್ಲ" ಅಂದಳು.

ಮಹಡಿಯ ಹಾಲಿನಲ್ಲಿ ನಲವತ್ತು ಕುರ್ಚಿ, ತುಂಬ ಗಾಡಿಯವರು. ಅವರಲ್ಲಿ ಅರ್ಧ ಜನ ಅತ್ತೆಯನ್ನು ಕಂಡು ಕೈಯೆತ್ತಿದರು. ದೀಪ ಹಚ್ಚುವುದಕ್ಕೆ ಮೊದಲು ಮುಖ್ಯಸ್ಥ ಮೈಕ್ ಹಿಡಿದು ನನ್ನ ಕಡೆ ತಿರುಗಿದ. "ಅಕ್ಕ, ಇವರನ್ನ ನೀವೇ ಪರಿಚಯ ಮಾಡ್ಕೊಡಿ." ಮೈಕು ನನ್ನ ಕೈಗೆ ಬಂತು. ಎದುರಿಗೆ ಆಫೀಸಿನವರು, ಅವರ ಹಿಂದೆ ಗಾಡಿಯವರು, ಪಕ್ಕದಲ್ಲಿ ಅತ್ತೆ. ಕೃಷಿ ಉತ್ಪನ್ನಗಳ ವ್ಯವಹಾರ ಎಂಬ ಮಾತು ಅಭ್ಯಾಸಬಲದಿಂದ ನಾಲಗೆಯ ತುದಿಗೆ ಬಂದು ನಿಂತಿತು. ಅತ್ತೆ ನನ್ನನ್ನು ನೋಡಲಿಲ್ಲ. ದೀಪದ ಬತ್ತಿಯನ್ನು ಸರಿಮಾಡುತ್ತ ನಿಂತಿದ್ದಳು.

"ಇವರು ನಮ್ಮ ಸೋದರತ್ತೆ" ಅಂದೆ. "ನಾನು ಇವರ ಗಾಡಿಯಲ್ಲಿ ಕೊಸರು ಹಾಕ್ತಿದ್ದೆ."

ಮೈಕ್ ಹಿಡಿದಿದ್ದರೂ ಅದೇ ಹಳೆಯ ಸಣ್ಣ ದನಿ. ಮುಖ್ಯಸ್ಥ ಏನಂದಿರಿ ಎಂಬಂತೆ ಕತ್ತು ಮುಂದೆ ಚಾಚಿದ. ಅತ್ತೆ ಬತ್ತಿ ಬಿಟ್ಟು ತಲೆಯೆತ್ತಿದಳು. ಮೊಣಕೈಯಿಂದ ನನ್ನನ್ನು ತಿವಿದಳು.

"ಜೋರಾಗಿ ಹೇಳೆ" ಅಂದಳು. "ಹಿಂದಿನೋರಿಗೆ ಕೇಳಿಸ್ಲಿಲ್ಲ."

ಮೈಕನ್ನು ಕೆಳಗಿಟ್ಟು, ಇನ್ನೊಂದು ಸಲ ಹೇಳಿದೆ.